ಎಂಬತ್ತೇಳನೆಯ ಪೆಟ್ಟಿಗೆ

ವಿರೂಪಮ್ಮನ ಹೆಸರಿಗೆ ಬರುವ ಕಾಗದ ವಿರೂಪಮ್ಮನ ಕೈಗೇ ಸೇರಬೇಕು. ಎಪ್ಪತ್ತೇಳನೆಯ ಇಸವಿಯಲ್ಲಿ ನನಗಿದ್ದ ಚಿಂತೆ ಇದೊಂದೇ.

ವಿರೂಪಮ್ಮ ನನ್ನ ತಂಗಿ ಹೊನ್ನೂರಮ್ಮನ ಮಗಳು, ಕುರುಗೋಡಿನವಳು. ಎಸ್ಸೆಸ್ಸೆಲ್ಸಿ ಪಾಸಾಗಿ ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. ಹಿಂದಿನ ವರ್ಷವೂ ಹಾಕಿದ್ದಳು. ಆಗ ಸಂದರ್ಶನಕ್ಕೆ ಬಾ ಎಂದು ಕಾಗದ ಬಂದದ್ದೇನೋ ನಿಜ. ಆದರೆ ಅದು ಅವಳ ಕಣ್ಣಿಗೆ ಬಿದ್ದದ್ದು ಸಂದರ್ಶನ ಮುಗಿದು ಹದಿನೈದು ದಿನವಾದ ಮೇಲೆ. ಅವಳ ತಾತ, ಅಂದರೆ ಹೊನ್ನೂರಮ್ಮನ ಮಾವ, ಉಜ್ಜಿನಪ್ಪನವರು ತಮ್ಮ ಹಿಟ್ಟಿನ ಗಿರಣಿಯಲ್ಲಿ ಗೋಡೆಗೆ ಒಂದು ಕೊಕ್ಕೆ ತಂತಿ ತೂಗುಬಿಟ್ಟಿದ್ದರು. ಬಂದ ಕಾಗದಗಳನ್ನೆಲ್ಲ ಅದಕ್ಕೆ ಚುಚ್ಚಿಡುವುದು ಅವರ ಪದ್ಧತಿ. ಆ ತಂತಿಯಲ್ಲಿ, ಜೋಳದ ಹಿಟ್ಟು ಮೆತ್ತಿಕೊಂಡು, ಒಡೆಯದೆ ಇತ್ತು ಆ ಲಕೋಟೆ.

ಮುದುಕ ಬೇಕೆಂದೇ ಮುಚ್ಚಿಟ್ಟ ಎಂದು ಮನೆಯ ಹೆಂಗಸರೆಲ್ಲ ನಂಬಿದೆವು. ಬಾಯಿಬಿಟ್ಟು ಯಾರೂ ಕೇಳಲಿಲ್ಲ. ಮೋಕಾದಿಂದ ಒಂದು ಸಂಬಂಧ ಬಂದಿತ್ತು. ಉಜ್ಜಿನಪ್ಪನವರಿಗೆ ಅದು ಒಪ್ಪಿಗೆಯಾಗಿತ್ತು. ವಿರೂಪಮ್ಮ ಎರಡು ದಿನ ಊಟ ಬಿಟ್ಟ ಮೇಲೆ ಒಂದು ಮಾತು ಹೇಳಿದ್ದರು: "ಇನ್ನೊಂದು ವರ್ಷ ನೋಡು. ಆಗಲಿಲ್ಲಂದ್ರ ಮೋಕಾದವರಿಗೆ ಹೂಂ ಅಂತೀನಿ. ಆಮ್ಯಾಲ ಅತ್ತು ಕರದು ಮಾಡಬಾರದು."

ಆ ಇನ್ನೊಂದು ವರ್ಷ ಬಂದಿತ್ತು. ವಿರೂಪಮ್ಮ ಅರ್ಜಿ ಹಿಡಿದುಕೊಂಡು ಬಳ್ಳಾರಿಗೆ ನನ್ನ ಹತ್ತಿರ ಬಂದಳು. ನಾನಾಗ ಕಂಟೋನ್ಮೆಂಟಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಲ್ಲ ಸರಸರ ಬರೆದಳು. ವಿಳಾಸ ಎನ್ನುವಲ್ಲಿ ಪೆನ್ನು ನಿಂತಿತು.

"ದೊಡ್ಡವ್ವ, ಇಲ್ಲಿ ಏನ್ ಬರೀಲಿ?"

ಇಬ್ಬರೂ ಕೂತು ಯೋಚನೆ ಮಾಡಿದೆವು. ಕುರುಗೋಡಿಗೆ ಬರೆದರೆ ಗಿರಣಿಯ ತಂತಿಗೆ ಹೋಗುತ್ತದೆ. ನಮ್ಮ ತವರು ಸಿರುಗುಪ್ಪ, ಅಲ್ಲಿ ತಮ್ಮ ಓಬಳೇಶ ಇದ್ದಾನೆ. ಒಳ್ಳೆಯವನೇ. ಆದರೆ ಬಂದ ಕಾಗದವನ್ನು ಅಂಗಿ ಜೇಬಿಗಿಟ್ಟು ಗದ್ದೆಗೆ ನೀರು ಕಟ್ಟಲು ಹೋಗುತ್ತಾನೆ, ಅವನ ಹೆಂಡತಿ ಆ ಅಂಗಿಯನ್ನು ಹಾಗೇ ಕಾಲುವೆಗೆ ಒಯ್ದು ಒಗೆಯುತ್ತಾಳೆ. ಹೀಗೆ ತೊಳೆದುಹೋದ ಲಗ್ನಪತ್ರಿಕೆಗಳು ಎಷ್ಟೋ. ಇನ್ನು ನನ್ನ ಆಸ್ಪತ್ರೆ. ಅಲ್ಲಿ ಆಯಾಗಳ ಕಾಗದವನ್ನು ಔಷಧ ಕೊಡುವ ಕಿಟಕಿಯ ಮೇಲೆ ಇಡುತ್ತಿದ್ದರು. ಗಾಳಿ ಬಂದರೆ ಗಾಳಿಗೆ, ಬಾಣಂತಿಯ ಕಡೆಯವರು ಬಂದರೆ ಅವರ ಚೀಲಕ್ಕೆ.

"ನಮ್ಮದು ಅಂತ ಒಂದು ಜಾಗನೇ ಇಲ್ಲಲ್ಲ ದೊಡ್ಡವ್ವ, ಒಂದು ಕಾಗದ ಬಂದು ಕುಂದ್ರಾಕ," ಎಂದಳು ಹುಡುಗಿ. ನಗುತ್ತಲೇ ಹೇಳಿದಳು, ಆದರೂ ನನಗೆ ತಡೆಯಲಾಗಲಿಲ್ಲ.

ಆಗ ನೆನಪಾಯಿತು, ನಾನು ಕಾರ್ಡು ಕೊಳ್ಳಲು ಹೋಗುವ ಅಂಚೆ ಕಚೇರಿಯ ಪಡಸಾಲೆ. ಅಲ್ಲಿ ಗೋಡೆಯುದ್ದಕ್ಕೂ ಒಂದು ದೊಡ್ಡ ಮರದ ಬೀರು. ಅದರಲ್ಲಿ ಅಂಗೈ ಅಗಲದ ಪುಟ್ಟ ಪುಟ್ಟ ಬಾಗಿಲು, ಒಂದೊಂದಕ್ಕೂ ಬಿಳಿ ಬಣ್ಣದ ನಂಬರು, ಬೀಗದ ಕಣ್ಣು. ಬೆಳಿಗ್ಗೆ ಹತ್ತಕ್ಕೆ ಹತ್ತಿ ಅಂಗಡಿಯ ಗುಮಾಸ್ತರು ಬಂದು ತಮ್ಮ ತಮ್ಮ ಬೀಗ ತೆಗೆದು ಕಾಗದ ಬಾಚಿಕೊಂಡು ಹೋಗುತ್ತಿದ್ದರು. ಹಿಂದಿನಿಂದ ಕಚೇರಿಯವರು ಹಾಕುವುದು, ಮುಂದಿನಿಂದ ಇವರು ತೆಗೆಯುವುದು. ನಡುವೆ ಇನ್ನೊಬ್ಬರ ಕೈ ಇಲ್ಲ.

ಮರುದಿನವೇ ಹೋದೆ. ಕಿಟಕಿಯಲ್ಲಿದ್ದವರು ಗೋಪಾಲಕೃಷ್ಣಯ್ಯ ಎನ್ನುವ ಗುಮಾಸ್ತರು. ನಾಮ ಇಟ್ಟುಕೊಂಡು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡಿದ್ದರು.

"ಕಾರ್ಡೋ, ಇನ್‌ಲ್ಯಾಂಡೋ?"

"ಪೆಟ್ಟಿಗಿ ಬೇಕಾಗಿತ್ರಿ."

"ಯಾವ ಪೆಟ್ಟಿಗೆ?"

ನಾನು ಬೀರುವಿನ ಕಡೆ ಕೈ ತೋರಿಸಿದೆ. ಅವರು ಕನ್ನಡಕ ಮೇಲೆ ಏರಿಸಿಕೊಂಡರು.

"ಅದು ಕಂಪನಿಯವರಿಗಮ್ಮ. ದಿನಕ್ಕೆ ನೂರು ಕಾಗದ ಬರೋವ್ರಿಗೆ. ನಿಮಗೆಷ್ಟು ಬರ್ತಾವೆ?"

"ಒಂದು ಬರಬೇಕ್ರಿ."

"ದಿನಕ್ಕಾ?"

"ಒಟ್ಟು."

ಹಿಂದೆ ನಿಂತಿದ್ದ ಇಬ್ಬರು ನಕ್ಕರು. ಗೋಪಾಲಕೃಷ್ಣಯ್ಯನವರೂ ನಕ್ಕರು, ಆದರೆ ಕಿಟಕಿ ಮುಚ್ಚಲಿಲ್ಲ. "ಒಂದು ಕಾಗದಕ್ಕೆ ಒಂದು ಬೀಗ! ಅದೇನು ಅಂಥ ಕಾಗದ ಹೇಳಿ ನೋಡೋಣ," ಎಂದರು. ನಾನು ಗಿರಣಿಯಿಂದ ಹಿಡಿದು ಕಾಲುವೆಯವರೆಗೆ ಎಲ್ಲ ಹೇಳಿದೆ. ಸಾಲು ಬೆಳೆಯಿತು. ಹಿಂದಿದ್ದವರೂ ನಗು ಬಿಟ್ಟು ಕೇಳತೊಡಗಿದರು. ಅವರಲ್ಲಿ ಒಬ್ಬನು, "ಕೊಡ್ರಿ ಸ್ವಾಮಿ, ಮುದುಕ ಮತ್ತ ತಂತಿಗೆ ಚುಚ್ಚಿಬಿಟ್ಟಾನು," ಎಂದು ನನ್ನ ಪರ ವಾದಿಸಿದ.

ಫಾರಂ ಕೊಟ್ಟರು. ನಮ್ಮ ಡಾಕ್ಟರಮ್ಮನಿಂದ ಗುರುತಿನ ಸಹಿ ಹಾಕಿಸಿಕೊಂಡು ಬಂದೆ. ನನ್ನ ಸಹಿಯನ್ನು ಅವರ ಎದುರಿಗೇ ಮಾಡಬೇಕಿತ್ತು. ಮಸಿಯ ಪ್ಯಾಡನ್ನು ನನ್ನ ಕಡೆ ಸರಿಸಿದರು, ಹೆಬ್ಬೆಟ್ಟಿಗೆ.

"ಬ್ಯಾಡ್ರಿ, ಬರಿತೀನಿ."

ಎರಡು ವರ್ಷದಿಂದ ರಾತ್ರಿ ಶಾಲೆಗೆ ಹೋಗುತ್ತಿದ್ದೆನಲ್ಲ, ಶಿವಬಸಮ್ಮ ಎಂದು ಬರೆಯತೊಡಗಿದೆ. ಶಿ ಆಯಿತು, ವ ಆಯಿತು, ಬ ಬರೆಯುವಾಗ ಪೆನ್ನು ಕಾಗದವನ್ನು ಸ್ವಲ್ಪ ಹರಿಯಿತು. ಗೋಪಾಲಕೃಷ್ಣಯ್ಯ ಅವಸರ ಮಾಡಲಿಲ್ಲ. ಆ ಹೊತ್ತಿನಲ್ಲಿ ಒಂದು ಚಿಟಿಕೆ ನಶ್ಯ ಏರಿಸಿದರು, ಎರಡು ಸಲ ಸೀನಿದರು, ಆಮೇಲೆ ನೋಡಿ "ಮ್ಮ ಬಾಕಿ ಇದೆ," ಎಂದರು. ಅದನ್ನೂ ಬರೆದೆ. ಎಂಬತ್ತೇಳನೆಯ ನಂಬರಿನ ಕೀಲಿ ನನ್ನ ಕೈಗೆ ಬಂತು.

"ಅರ್ಜಿಯಲ್ಲಿ ವಿಳಾಸ ಅನ್ನೋ ಕಡೆ ಹುಡುಗಿ ಹೆಸರು, ಅಂಚೆ ಪೆಟ್ಟಿಗೆ ಎಂಬತ್ತೇಳು, ಬಳ್ಳಾರಿ. ಇಷ್ಟೇ ಬರೀಲಿ. ಇನ್ನೇನೂ ಬೇಡ," ಎಂದರು.

"ಬರೋದು ಖಾತ್ರಿ ಏನ್ರಿ?"

"ನಂಬಿಕೆ ಇಲ್ಲದಿದ್ರೆ ನಿಮಗೆ ನೀವೇ ಒಂದು ಕಾರ್ಡು ಬರೆದು ಹಾಕಿ ನೋಡಿ."

ತಮಾಷೆಗೆ ಹೇಳಿದ್ದರು. ನಾನು ಅಲ್ಲೇ ಒಂದು ಕಾರ್ಡು ಕೊಂಡು, ಗೋಂದಿನ ಡಬ್ಬಿ ಇಟ್ಟ ಮೇಜಿನ ಹತ್ತಿರ ನಿಂತು ಬರೆದೆ. ಏನು ಬರೆಯುವುದು? ಕಾಗದ ಬರೆಯುವ ಕ್ರಮ ಕಲಿಸಿದ್ದರಲ್ಲ, ಅದೇ ಪ್ರಕಾರ ಬರೆದೆ: "ಸೌಭಾಗ್ಯವತಿ ಶಿವಬಸಮ್ಮನಿಗೆ ಶಿವಬಸಮ್ಮ ಮಾಡುವ ಆಶೀರ್ವಾದ. ನಾನು ಕ್ಷೇಮ. ನೀನೂ ಕ್ಷೇಮವಿದ್ದೀ ಎಂದು ತಿಳಿದಿದ್ದೇನೆ. ಈ ಕಾರ್ಡು ಮುಟ್ಟಿದರೆ ನಾಳೆ ತಿಳಿಯುತ್ತದೆ." ಹೊರಗಿನ ಕೆಂಪು ಡಬ್ಬಕ್ಕೆ ಹಾಕಿದೆ. ಪಡಸಾಲೆಗೂ ಆ ಡಬ್ಬಕ್ಕೂ ಹತ್ತು ಹೆಜ್ಜೆ.

ಮಾರನೆಯ ದಿನ ಹೋಗಿ ಕೀಲಿ ತಿರುಗಿಸಿದೆ. ಒಳಗೆ ಕಾರ್ಡು ಒರಗಿ ಕೂತಿತ್ತು, ನೆಂಟರ ಮನೆಗೆ ಬಂದವರ ಹಾಗೆ. ಮೇಲೆ ಮುದ್ರೆ ಬಿದ್ದಿತ್ತು. ನನ್ನ ಹೆಸರಿಗೆ ಬಂದ ಮೊದಲ ಕಾಗದ ಅದು. ಅಲ್ಲಿಯೇ ನಿಂತು ಮೂರು ಸಲ ಓದಿದೆ. ಕಿಟಕಿಯಿಂದ ಗೋಪಾಲಕೃಷ್ಣಯ್ಯ ಕೂಗಿ ಕೇಳಿದರು: "ಏನಂತಾರಮ್ಮ? ಎಲ್ಲ ಕ್ಷೇಮವೇ?"

"ಕ್ಷೇಮ ಅಂತ್ರಿ."

ವಿರೂಪಮ್ಮ ಅವರು ಹೇಳಿದಂತೆಯೇ ಅರ್ಜಿಯಲ್ಲಿ ತುಂಬಿದಳು. ಅಂಚೆಗೆ ಹಾಕಿ ಕುರುಗೋಡಿಗೆ ಹೋದಳು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ದಿನಾ ಬೆಳಿಗ್ಗೆ ಪಾಳಿ ಮುಗಿಸಿ ಹೋಗುವುದು, ಬೀಗ ತೆಗೆಯುವುದು, ಖಾಲಿ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಮತ್ತೆ ಬೀಗ ಹಾಕುವುದು. ಹತ್ತಿ ಅಂಗಡಿಯ ಗುಮಾಸ್ತರು, "ಏನ್ ಕಂಪನಿ ಆಯಮ್ಮಾರ, ಇವತ್ತ ವ್ಯಾಪಾರ ಹೆಂಗ?" ಎಂದು ಕಾಡುತ್ತಿದ್ದರು. "ಇನ್ನೂ ಬೋಣಿಗಿ ಆಗಿಲ್ರೆಪ್ಪಾ," ಎನ್ನುತ್ತಿದ್ದೆ.

ಐದು ವಾರ ಕಳೆಯಿತು. ಒಂದು ಸೋಮವಾರ ಸಂಜೆ ನಮ್ಮ ಆಸ್ಪತ್ರೆಯ ಕಾಂಪೌಂಡರು ಎಲ್ಲರಿಗೂ ಪೇಡಾ ಹಂಚಿದರು. ಅವರ ಮಗಳೂ ಅದೇ ತರಬೇತಿಗೆ ಅರ್ಜಿ ಹಾಕಿದ್ದಳು, ಅವಳಿಗೆ ಸಂದರ್ಶನದ ಕಾಗದ ಬಂದಿತ್ತಂತೆ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ. ನನ್ನ ಪೇಡಾವನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಅವತ್ತು ಬೆಳಿಗ್ಗೆ ನೋಡಿದ್ದೆ, ಪೆಟ್ಟಿಗೆ ಖಾಲಿ.

ನಾಳೆ ಬಂದೀತು ಎಂದುಕೊಂಡೆ. ಮಂಗಳವಾರ ಬೆಳಿಗ್ಗೆಯೂ ಖಾಲಿ. ಕೈ ಒಳಗೆ ಹಾಕಿ ಮೂಲೆ ಮೂಲೆ ತಡವಿದೆ. ಆಚೆ ಕಡೆಯಿಂದ ಯಾರೋ ನನ್ನ ಬೆರಳು ಹಿಡಿದರು!

"ಯಾರಿದು, ಕೈ ಹಾಕೋರು?" ಎಂದು ಬೀರುವಿನ ಹಿಂದಿನಿಂದ ದನಿ ಬಂತು. ಕಾಗದ ವಿಂಗಡಿಸಿ ಪೆಟ್ಟಿಗೆಗಳಿಗೆ ಹಾಕುವ ಪಕ್ಕೀರಪ್ಪನದು. ಮುಖ ನೋಡಿರಲಿಲ್ಲ, ಹೆಸರು ಕೇಳಿದ್ದೆ.

"ನಾನ್ರೀ, ಎಂಬತ್ತೇಳು. ವಿರೂಪಮ್ಮ ಅಂತ ಒಂದು ಕಾಗದ ಬರಬೇಕಿತ್ತು. ಬಂದಿಲ್ರಿ."

"ವಿರೂಪಮ್ಮ?" ಆಮೇಲೆ ಆ ಪುಟ್ಟ ಬಾಗಿಲಿನಲ್ಲಿ ಅವನ ಒಂದು ಕಣ್ಣು, ಅರ್ಧ ಮೀಸೆ ಕಾಣಿಸಿತು. "ಕುರುಗೋಡು ವಿರೂಪಮ್ಮ? ದೊಡ್ಡಬಸಪ್ಪನ ಮಗಳು? ಬಂದಿತ್ತಲ್ಲ, ನಿನ್ನಿ. ಸರಕಾರದ ಲಕೋಟಿ."

"ಎಲ್ಲೈತ್ರಿ?"

"ಯಾರೋ ತಪ್ಪು ನಂಬರ್ ಹಾಕಿದ್ರು. ನಂದೂ ಕುರುಗೋಡೇ ಅಲ್ಲೇನ್ರಿ. ಆ ಹುಡುಗಿ ನನ್ನ ಮಗಳ ಜೋಡಿ ಸಾಲಿಗೆ ಹೋದಾಕಿ. ಕುರುಗೋಡಿನ ಹುಡುಗೀಗೆ ಬಳ್ಳಾರ್ಯಾಗ ಪೆಟ್ಟಿಗಿ ಎಲ್ಲಿಂದ ಬರಬೇಕು? ಪಾಪ, ಕಾಗದ ಇಲ್ಲೇ ಕೊಳೀಬಾರದು ಅಂತ ಕೆಂಪು ಪೆನ್ಸಿಲಿಂದ ಆ ನಂಬರ್ ಹೊಡದು ಕುರುಗೋಡಿನ ಚೀಲಕ್ಕ ನಾನೇ ಕೈಯಾರೆ ಹಾಕೀನಿ. ಉಜ್ಜಿನಪ್ಪನ ಗಿರಣಿಗಿ ಸರಿಯಾಗಿ ಮುಟ್ಟತೈತಿ, ನೀವೇನ್ ಚಿಂತಿ ಮಾಡಬ್ಯಾಡ್ರಿ."

ನಾನು ಪಡಸಾಲೆಯ ನೆಲದ ಮೇಲೆ ಕೂತುಬಿಟ್ಟೆ.

ನಮ್ಮ ಕಡೆ ಹೆಸರಿನ ಮುಂದೆ ಊರು ಇಟ್ಟುಕೊಳ್ಳುವುದು ರೂಢಿ. ವಿರೂಪಮ್ಮ ಅರ್ಜಿಯಲ್ಲಿ ತನ್ನ ಹೆಸರನ್ನು ಹಾಗೆಯೇ ಬರೆದಿದ್ದಳು, ತರಬೇತಿ ಕಚೇರಿಯವರು ಹಾಗೆಯೇ ಟೈಪು ಮಾಡಿದ್ದರು. ನನಗೆ ಬಂದ ಕಾರ್ಡಿನಲ್ಲಿ ಊರಿನ ಹೆಸರಿರಲಿಲ್ಲ, ನೆಟ್ಟಗೆ ಪೆಟ್ಟಿಗೆಗೆ ಬಂತು. ಇವಳದು ಊರಿನವನ ಕೈಗೆ ಸಿಕ್ಕಿತು. ಅವನು ಉಪಕಾರ ಮಾಡಿದ.

ಪಕ್ಕೀರಪ್ಪ ಹೊರಗೆ ಓಡಿ ಬಂದ. ಎತ್ತರದ ಆಳು. ವಿಷಯ ತಿಳಿದ ಮೇಲೆ ಟೋಪಿ ತೆಗೆದು ಕೈಯಲ್ಲಿ ತಿರುವುತ್ತ ನಿಂತ. "ನಾ ಪುಣ್ಯದ ಕೆಲಸ ಅನ್ಕೊಂಡಿದ್ನಲ್ರಿ ಯಕ್ಕಾ," ಎಂದ. ಗೋಪಾಲಕೃಷ್ಣಯ್ಯ ಕಿಟಕಿಯಿಂದಲೇ, "ನಿನ್ನ ಪುಣ್ಯ ನೀನೇ ಇಟ್ಕೋಬಾರದೇನೋ! ನಂಬರ್ ಇದ್ದ ಮೇಲೆ ನಂಬರಿಗೆ ಹಾಕು ಅಂತ ಎಷ್ಟು ಸಲ ಹೇಳ್ಲಿ," ಎಂದು ಗದರಿದರು. ಆದರೆ ಚೀಲ ಹೋಗಿಯಾಗಿತ್ತು. ಅಷ್ಟು ಹೊತ್ತಿಗೆ ಗಿರಣಿಗೂ ಮುಟ್ಟಿರಬಹುದು.

ಅವತ್ತು ರಜೆ ಸಿಗಲಿಲ್ಲ. ಬುಧವಾರ ರಜೆ ಹಾಕಿ ಮೊದಲ ಬಸ್ಸಿಗೆ ಕುರುಗೋಡಿಗೆ ಹೊರಟೆ. ದಾರಿಯುದ್ದಕ್ಕೂ ಉಜ್ಜಿನಪ್ಪನವರಿಗೆ ಏನು ಹೇಳುವುದು ಎಂದು ಮಾತು ಜೋಡಿಸಿದೆ. ಬೇಡಿಕೊಳ್ಳುವುದೋ, ಜಗಳ ಆಡುವುದೋ? ಕೋಳೂರು ದಾಟುವಾಗ ಜಗಳ ಎಂದು ನಿರ್ಧಾರ ಮಾಡಿದೆ. ಕುರುಗೋಡಿನ ಬೆಟ್ಟ ಕಾಣುತ್ತಲೇ ಧೈರ್ಯ ಹೋಯಿತು.

ಗಿರಣಿ ನಡೆಯುತ್ತಿತ್ತು. ಯಂತ್ರದ ಪಟ್ಟಿಯ ಸದ್ದಿನಲ್ಲಿ ಕಿವಿಗೆ ಏನೂ ಕೇಳಿಸದು. ಉಜ್ಜಿನಪ್ಪನವರು ಹುಬ್ಬು ಮೀಸೆಯೆಲ್ಲ ಬೆಳ್ಳಗೆ ಮಾಡಿಕೊಂಡು ಯಾರದೋ ಜೋಳ ಸುರಿಯುತ್ತಿದ್ದರು. ನನ್ನನ್ನು ನೋಡಲಿಲ್ಲ. ನಾನು ನೆಟ್ಟಗೆ ಗೋಡೆಯ ಹತ್ತಿರ ಹೋಗಿ ತಂತಿಯನ್ನು ಮೊಳೆಯಿಂದ ಕಿತ್ತು, ಒಂದೊಂದೇ ಕಾಗದ ಸರಿಸಿ ನೋಡಿದೆ. ಲಗ್ನಪತ್ರಿಕೆ, ಕರೆಂಟು ಬಿಲ್ಲು, ಯಾರದೋ ಕ್ಷೇಮಸಮಾಚಾರ. ಕೆಂಪು ಪೆನ್ಸಿಲಿನ ಗೀಟು ಎಲ್ಲೂ ಇಲ್ಲ. ಮತ್ತೆ ಮೊದಲಿನಿಂದ ನೋಡಿದೆ.

ಗಿರಣಿ ನಿಂತಿತು.

"ಏನ್ ಹುಡುಕಾಕತ್ತಿ, ಶಿವಬಸಮ್ಮ? ಹೇಳಿ ಕೇಳಿ ಬೀಗತಿ, ಕಳ್ಳಿ ಹಂಗ ಬಂದಿ."

"ವಿರೂಪಮ್ಮನ ಕಾಗದ ಎಲ್ಲಿ ಮಾವಾರ?" ಜೋಡಿಸಿದ್ದ ಮಾತೆಲ್ಲ ಮರೆತು ಇಷ್ಟೇ ಬಂತು.

"ತಂತ್ಯಾಗ ಹುಡುಕಿದ್ರ ಹೆಂಗ ಸಿಗತೈತಿ? ಅದು ನಂದಲ್ಲ. ಆಕೀಗೆ ಕೊಟ್ಟೀನಿ."

"ಕೊಟ್ರ್ಯಾ?"

"ನಿನ್ನಿ ಸಂಜಿಮುಂದ ಬಂತು. ಮಾಸ್ತರ ಜೋಳ ಬೀಸಾಕ ಬಂದಿದ್ದ, ಮ್ಯಾಲಿಂದು ಓದಪಾ ಅಂದೆ. 'ಕುರುಗೋಡು ವಿರೂಪಮ್ಮ' ಅಂತ ಓದಿದ. 'ಮತ್ತ ನನ್ನ ಹೆಸರೆಲ್ಲಿ?' ಅಂದೆ. 'ಇಲ್ಲ' ಅಂದ. ಎರಡು ಸರ್ತಿ ಓದಿಸಿದೆ. ಖರೇ ಹೇಳ್ತೀನಿ, ಸಿಟ್ಟ ಬಂತು. ನನ್ನ ಗಿರಣಿಗೆ ಬಂದ ಕಾಗದದಾಗ ನನ್ನ ಹೆಸರಿಲ್ಲ! ಆದ್ರ ನಂದಲ್ಲದ ಕಾಗದ ನಾ ಯಾಕ ಚುಚ್ಚಲಿ? ಮನಿಗೆ ಒಯ್ದು ಆಕಿ ಕೈಯಾಗ ಕೊಟ್ಟೆ. ಕುಣದಾಡಿದ್ಲು."

ನನಗೆ ನಂಬಿಕೆ ಬರಲಿಲ್ಲ. "ಹಂಗಾದ್ರ ಹ್ವಾದ ವರ್ಷ?"

"ಹ್ವಾದ ವರ್ಷ ಏನು?"

"ಹ್ವಾದ ವರ್ಷದ್ದು ಯಾಕ ಕೊಡಲಿಲ್ಲ ನೀವು?"

ಅವರು ಅಲ್ಲಿದ್ದ ಚೀಲದ ಮೇಲೆ ಕೂತರು. "ಅದರಾಗ ನನ್ನ ಹೆಸರಿತ್ತಲ್ಲ. ಕೇರಾಫ್ ಉಜ್ಜಿನಪ್ಪ, ಹಿಟ್ಟಿನ ಗಿರಣಿ. ಆವಾಗ ಓದಿದಾಂವ ಅದಷ್ಟೇ ಓದಿ ಹ್ವಾದ. ಸರಕಾರದ ಲಕೋಟಿ, ಮ್ಯಾಲೆ ಗಿರಣಿ ಹೆಸರು. ಲೈಸೆನ್ಸಿಂದು ಅನ್ಕೊಂಡೆ. ಅಂಥಾದ್ದು ಒಡದ್ರ ಜವಾಬು ಬರೀಬೇಕಾಗತೈತಿ. ಒಡೀದಿದ್ರ ಮುಟ್ಟಿಲ್ಲ ಅನ್ನಬಹುದು. ಅದಕ ಹಂಗೇ ಚುಚ್ಚಿಟ್ಟೆ."

ಹಾಗೆ ಹೇಳಿ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಅವರ ಹಿಟ್ಟು ಮೆತ್ತಿದ ಹುಬ್ಬು ಮೇಲೆ ಹೋಯಿತು.

"ನಾ ಮುಚ್ಚಿಟ್ಟೆ ಅನ್ಕೊಂಡ್ರೇನು ನೀವೆಲ್ಲ?"

ನಾನು ತಂತಿಯನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆ.

"ಹೊನ್ನೂರಮ್ಮನೂ?"

ಹೂಂ ಎಂದು ತಲೆ ಹಾಕಿದೆ.

"ಅದಕ್ಕೇನು ವರ್ಷದಿಂದ ನನಗ ಊಟಕ್ಕಿಡೂ ಮುಂದ ತಾಟು ಧಡ್ ಅಂತ ಇಡತಾಳ ನಿನ್ನ ತಂಗಿ! ಕೈಯಾಗ ತ್ರಾಣ ಇಲ್ಲೇನೋ ಪಾಪ ಅನ್ಕೊಂಡಿದ್ದೆ. ಕೇಳಬಾರದೇನು ಒಂದು ಮಾತು? ಬಾಯಿ ಇತ್ತಲ್ಲ ಎಲ್ಲಾರಿಗೂ."

ನಾನು ನಕ್ಕುಬಿಟ್ಟೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅವರು ಹೆಗಲ ಮೇಲಿನ ಟವೆಲ್ಲು ಕೊಟ್ಟರು, ಒರೆಸಿಕೊಂಡರೆ ನನ್ನ ಮುಖವೂ ಬೆಳ್ಳಗಾಯಿತು. ಅದನ್ನು ನೋಡಿ ಅವರೂ ನಕ್ಕರು. ಮನೆಗೆ ಹೋದಾಗ ವಿರೂಪಮ್ಮ ಸೀರೆ ಇಸ್ತ್ರಿ ಮಾಡುತ್ತಿದ್ದಳು, ಕೆಂಡ ತುಂಬಿದ ಚೊಂಬಿನಿಂದ. ಹೊನ್ನೂರಮ್ಮನನ್ನು ಒಳಗೆ ಕರೆದು ಗಿರಣಿಯ ಮಾತು ಹೇಳಿದೆ. ಮಧ್ಯಾಹ್ನ ಅವಳು ಮಾವನಿಗೆ ತಾಟು ಇಟ್ಟದ್ದು ಸದ್ದೇ ಆಗಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆಯೂ ಇತ್ತು.

"ಇಷ್ಟು ಮೆತ್ತಗ ಇಟ್ರ ಭಯ ಆಗತೈತಿ," ಎಂದರು ಉಜ್ಜಿನಪ್ಪನವರು.

ಮರುದಿನ ಮೂವರೂ ಬಳ್ಳಾರಿಗೆ ಬಂದೆವು. ತಾತನೂ ಬರುತ್ತೇನೆ ಎಂದು ಗಿರಣಿ ಮುಚ್ಚಿ, ತೊಳೆದ ಧೋತರ ಉಟ್ಟು ಹೊರಟಿದ್ದರು. ಹುಡುಗಿ ಹತ್ತಕ್ಕೆ ತರಬೇತಿ ಕಚೇರಿಯ ಒಳಗೆ ಹೋದಳು, ಹನ್ನೊಂದೂವರೆಗೆ ಬಂದಳು. ಏನು ಕೇಳಿದರು ಎಂದರೆ, "ರಕ್ತ ನೋಡಿದ್ರ ಹೆದರಿಕಿ ಆಗತೈತೇನು ಅಂತ ಕೇಳಿದ್ರು. ಆಗತೈತಿ, ಆದ್ರ ಓಡಿ ಹೋಗೂದಿಲ್ಲ ಅಂದೆ," ಎಂದಳು. ಅದು ಒಳ್ಳೆಯ ಉತ್ತರವೋ ಕೆಟ್ಟದ್ದೋ ನಮಗೆ ಗೊತ್ತಾಗಲಿಲ್ಲ. ಸಂಜೆ ನಾಲ್ಕಕ್ಕೆ ಆಯ್ಕೆಯಾದವರ ಪಟ್ಟಿ ಹಚ್ಚುತ್ತಾರಂತೆ. ಬೇವಿನ ಮರದ ಕೆಳಗೆ ಕೂತೆವು. ಮೋಕಾದವರ ಮಾತು ಯಾರೂ ಎತ್ತಲಿಲ್ಲ. ಉಜ್ಜಿನಪ್ಪನವರು ಕೂತಲ್ಲಿ ಕೂರದೆ ಐದು ನಿಮಿಷಕ್ಕೊಮ್ಮೆ ಬಾಗಿಲ ತನಕ ಹೋಗಿ ಬರುತ್ತಿದ್ದರು.

ಪಟ್ಟಿ ಬಂತು. ಹುಡುಗಿಯರೆಲ್ಲ ನುಗ್ಗಿದರು. ವಿರೂಪಮ್ಮ ಎದ್ದು ನಿಂತವಳು ಮತ್ತೆ ಕೂತಳು. "ನನ್ನ ಕೈಲಿ ಆಗೂದಿಲ್ಲ, ನೀ ನೋಡು ದೊಡ್ಡವ್ವ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಹೋದೆ. ತಾತ ನನ್ನ ಹಿಂದೆಯೇ ಬಂದು ನಿಂತರು. ಜನ ಸ್ವಲ್ಪ ಕರಗುವ ತನಕ ಕಾದು, ಮೊದಲ ಸಾಲಿಗೆ ಬೆರಳಿಟ್ಟೆ.

"ಒಂದು. ಗು... ಗುಂ..."

"ನೆಟ್ಟಗ ನಮ್ಮ ಹುಡುಗೀದು ಓದವ್ವ!"

"ನನಗ ಹಂಗ ಬರೂದಿಲ್ಲ ಮಾವಾರ. ಒಂದರಿಂದ ಹಿಡದು ಬರಬೇಕು."

ಒಂದೊಂದೇ ಹೆಸರು ಬಿಡಿಸಿ ಓದಿದೆ. ಐದಾಯಿತು, ಎಂಟಾಯಿತು. ಉಜ್ಜಿನಪ್ಪನವರ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಹನ್ನೆರಡನೆಯದು ಕಾಂಪೌಂಡರ ಮಗಳದು. ಹದಿನಾರರಲ್ಲಿ ಮಸಿ ಸ್ವಲ್ಪ ಹರಡಿತ್ತು, ಅಲ್ಲಿ ತಡವಾಯಿತು. ಒಟ್ಟು ಇದ್ದದ್ದು ಇಪ್ಪತ್ತು.

"ಹತ್ತೊಂಬತ್ತು," ಎಂದೆ. ಕ, ಅದರ ಕೊಂಬು. "ಕುರುಗೋಡು..." ಮುಂದಿನದನ್ನು ಓದುವ ಮೊದಲೇ ಮುದುಕ ನನ್ನ ರಟ್ಟೆ ಹಿಡಿದರು.

"ಪೂರಾ ಓದು. ಕುರುಗೋಡಿನಾಗ ಇನ್ನ ಹುಡುಗ್ಯಾರಿಲ್ಲೇನು?"

"ಕುರುಗೋಡು ವಿ... ರೂ... ಪಮ್ಮ."

"ಇನ್ನೊಂದು ಸರ್ತಿ."

ಈ ಸಲ ತಡವರಿಸದೆ ಓದಿದೆ.

ಅವರು ಬೋರ್ಡಿನ ಹತ್ತಿರ ಬಾಗಿ, ಓದಲು ಬಾರದಿದ್ದರೂ ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮರದ ಕಡೆ ತಿರುಗಿ, ಇಡೀ ಗಿರಣಿಯ ಸದ್ದನ್ನು ಮೀರಿಸುವ ದನಿಯಲ್ಲಿ ಕೂಗಿದರು: "ಏಯ್ ಹುಡುಗೀ, ಸೆರಗ ತಗಿ! ಮೋಕಾದವರಿಗೆ ನಾ ಹೇಳಿಕೊಳ್ತೀನಿ."

ವಿರೂಪಮ್ಮ ಓಡಿ ಬಂದಳು. ತಾತನ ಕಾಲಿಗೆ ಬಿದ್ದಳೋ ಮುಗ್ಗರಿಸಿದಳೋ ಹೇಳುವುದು ಕಷ್ಟ. ಬೆಳಿಗ್ಗೆಯಿಂದ ಮೂವರೂ ಏನೂ ತಿಂದಿರಲಿಲ್ಲ ಎನ್ನುವುದು ಆಗ ನೆನಪಾಯಿತು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಹೇಳಿದೆವು. ಉಜ್ಜಿನಪ್ಪನವರು ಒಂದು ತಟ್ಟೆ ಮುಗಿಸಿ, ಕಣ್ಣು ಮೂಗು ಒರೆಸಿಕೊಂಡು, ಮಿರ್ಚಿ ಬಹಳ ಖಾರ ಎಂದು ಅಂಗಡಿಯವನನ್ನು ಬೈದು, ಇನ್ನೊಂದು ತಟ್ಟೆ ತರಿಸಿಕೊಂಡರು.